ಹಳೆಯ ಜಾವಾ, ಯೆಜ್ಡಿ ಗಾಡಿಗಳ ಕರೆಂಟ್ ತೊಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಮೋಟಾರ್ ಸೈಕಲ್ಲುಗಳು ಹೊರಬರಲು ಶುರುವಾಯಿತು. 1973ರಿಂದ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಂದರೆ ಈಗ ನಮ್ಮ ಕೈಯಲ್ಲಿರುವ ಗಾಡಿಗಳಲ್ಲಿ ತೀರಾ ಹೊಸದಕ್ಕೂ ಸುಮಾರು ಮೂವತ್ತು ವರ್ಷ ಆಗಿದೆ. ಇಂಜಿನ್ನು ಇನ್ನೂ ಗಟ್ಟಿಯಾಗಿರುತ್ತದೆ. ಕೈಕೊಡುವುದು ಕರೆಂಟು.

ನಮ್ಮ ಮನೆಯಲ್ಲಿ ಅಪ್ಪನ ಕಾಲದ ಒಂದು ಯೆಜ್ಡಿ 250 ಇದೆ. ಅದನ್ನು ಸರಿಮಾಡುತ್ತಾ, ತಪ್ಪು ಮಾಡುತ್ತಾ, ಬೇರೆಯವರ ಗಾಡಿಗಳನ್ನು ನೋಡುತ್ತಾ ಕಲಿತದ್ದು ಇಲ್ಲಿದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಅಳೆದು ನೋಡದೆ ಯಾವ ಪಾರ್ಟನ್ನೂ ಕೊಳ್ಳಬೇಡಿ.

ಕೀ ಹಾಕಿದರೆ ಏನೂ ಇಲ್ಲ. ದೀಪ ಇಲ್ಲ, ಹಾರ್ನ್ ಇಲ್ಲ. ಎಲ್ಲಿಂದ ಶುರು ಮಾಡಲಿ?

ಬ್ಯಾಟರಿಯಿಂದ. ಪಕ್ಕದ ಡಬ್ಬ ತೆಗೆದು ಬ್ಯಾಟರಿಯ ಎರಡೂ ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರು ಹಾಕಿ ತೊಳೆದು, ಒರೆಸಿ, ಉಜ್ಜಿ, ಬಿಗಿ ಮಾಡಿ. ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ. ಆಮೇಲೆ ಫ್ಯೂಸ್. ಕಣ್ಣಿಗೆ ಸರಿ ಕಂಡರೂ ತೆಗೆದು ನೋಡಿ. ಗಾಜಿನ ಫ್ಯೂಸಿನ ತಂತಿ ಎಷ್ಟೋ ಸಲ ಲೋಹದ ಮುಚ್ಚಳದ ಒಳಗೇ ತುಂಡಾಗಿರುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಫ್ಯೂಸ್ ಕೂರುವ ಹಿತ್ತಾಳೆಯ ಹಿಡಿ ಸಡಿಲ ಆಗಿದ್ದರೂ ಇದೇ ಗತಿ.

ಮೂರನೆಯದು ಕೀ ಸ್ವಿಚ್ಚು. ಜಾವಾದ ಕೀ ಹಲ್ಲಿಲ್ಲದ ಒಂದು ಕಡ್ಡಿ, ಎಲ್ಲರಿಗೂ ಗೊತ್ತು. ಒಳಗಿರುವ ಹಿತ್ತಾಳೆಯ ಕಾಂಟ್ಯಾಕ್ಟುಗಳು ವರ್ಷಗಟ್ಟಲೆ ಸವೆದು ಕಪ್ಪಾಗಿರುತ್ತವೆ. ಕೀಯನ್ನು ಬೆರಳಿಂದ ಸ್ವಲ್ಪ ಅಲ್ಲಾಡಿಸಿದಾಗ ದೀಪ ಬಂದು ಹೋಗುತ್ತದೆ ಅಂದರೆ ಕಳ್ಳ ಸಿಕ್ಕಿದ ಹಾಗೆ.

ಇದನ್ನೆಲ್ಲ ನೋಡೋಕೆ ಏನೇನು ಸಾಮಾನು ಬೇಕು?

ಕೆಲವು ನೂರು ರೂಪಾಯಿಯ ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು. ಜೊತೆಗೆ ಒಂದು ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ: ಹಳೆಯ ಬಲ್ಬ್ ಹೋಲ್ಡರಿಗೆ ಎರಡು ಉದ್ದದ ವೈರು ಕಟ್ಟಿದರೆ ಆಯಿತು. ಮೀಟರ್ ಒಂದೇ ಸಾಲದು. ಒಂದೇ ಎಳೆಯಲ್ಲಿ ನೇತಾಡುತ್ತಿರುವ ವೈರೂ ಮೀಟರಿನಲ್ಲಿ ಪೂರ್ತಿ 6 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಎಳೆಯುವ ಕರೆಂಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದೇ ವೈರಿಗೆ ಬಲ್ಬ್ ಹಚ್ಚಿದರೆ ಅಸಲಿಯತ್ತು ಹೊರಬೀಳುತ್ತದೆ.

ಇನ್ನು 0.4 ಮಿಲಿಮೀಟರಿನ ಎಲೆ ಇರುವ ಫೀಲರ್ ಗೇಜ್ (ಸಂದಿಯ ಅಗಲ ಅಳೆಯುವ ಸಾಮಾನು), ನುಣುಪಾದ ಉಪ್ಪುಕಾಗದ, ಎರಡು ತುದಿಗೂ ಕ್ಲಿಪ್ ಇರುವ ಒಂದು ಮೀಟರ್ ಉದ್ದದ ದಪ್ಪ ವೈರು. ಈ ಕೊನೆಯದರ ಉಪಯೋಗ ಕೆಳಗೆ ಗೊತ್ತಾಗುತ್ತದೆ.

ನನ್ನ ಗಾಡಿ 6 ವೋಲ್ಟಾ, 12 ವೋಲ್ಟಾ?

ಹಳೆಯ ಜಾವಾ, ಮೊದಮೊದಲ ಯೆಜ್ಡಿಗಳು 6 ವೋಲ್ಟ್. ಕೊನೆಕೊನೆಯ ಕಾಲದ ಗಾಡಿಗಳಲ್ಲಿ 12 ಬಂತು. ಆದರೆ ಗಾಡಿ ಮೂರ್ನಾಲ್ಕು ಕೈ ಬದಲಾಗಿರುತ್ತದೆ, ನಡುವೆ ಯಾರು ಏನು ಮಾಡಿದ್ದಾರೋ. ಆರ್‌ಸಿ ಪುಸ್ತಕದ ವರ್ಷ ನಂಬಬೇಡಿ. ಬ್ಯಾಟರಿಯಲ್ಲಿ ನೀರು ಹಾಕುವ ಮುಚ್ಚಳ ಮೂರಿದ್ದರೆ 6 ವೋಲ್ಟ್, ಆರಿದ್ದರೆ 12. ಪ್ರತಿ ಬಲ್ಬಿನ ಬುಡದಲ್ಲೂ ವೋಲ್ಟ್ ಬರೆದಿರುತ್ತದೆ, ಹಾರ್ನ್ ಮೇಲೂ ಇರುತ್ತದೆ. ಪ್ಲಗ್ಗಿನ ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟ್ ಹುಟ್ಟಿಸುವ ಕಾಯಿಲ್ ಮೇಲಿನ ಅಕ್ಷರ ಮಾತ್ರ ಬಣ್ಣ ಹೊಡೆದವರ ಕೈಯಲ್ಲಿ ಹೆಚ್ಚಾಗಿ ಅಳಿಸಿಹೋಗಿರುತ್ತದೆ. ಎಲ್ಲವೂ ಒಂದೇ ಹೇಳುತ್ತಿವೆಯಾ ನೋಡಿ. 6 ವೋಲ್ಟ್ ಗಾಡಿಯಲ್ಲಿ 12 ವೋಲ್ಟಿನ ಒಂದು ಬಲ್ಬ್ ಸೇರಿಕೊಂಡಿದ್ದರೆ ಅದು ಕೆಂಪಗೆ ಮಿಣುಕುತ್ತಾ ಕೂತಿರುತ್ತದೆ, ನಾವು ಕರೆಂಟ್ ಹುಟ್ಟಿಸುವ ಡೈನಮೊ ಬಿಚ್ಚುತ್ತಾ ಕೂತಿರುತ್ತೇವೆ.

ಬ್ಯಾಟರಿ ಹೊಸದು, ಬಲ್ಬ್ ಹೊಸದು. ಆದರೂ ಹೆಡ್‌ಲೈಟ್ ಮಂಕು, ಹಾರ್ನ್ ಒತ್ತಿದರೆ ಇನ್ನೂ ಮಂಕು. ಯಾಕೆ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಉತ್ತರ ಹತ್ತಕ್ಕೆ ಒಂಬತ್ತು ಸಲ ಅರ್ತ್ (ಕರೆಂಟ್ ಫ್ರೇಮಿನ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ), ಇಲ್ಲವೇ ವೈರಿನ ಜಾಯಿಂಟು. ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

35 ವ್ಯಾಟಿನ ಹೆಡ್‌ಲೈಟ್ 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಕರೆಂಟ್ ಎಳೆಯುತ್ತದೆ. 12 ವೋಲ್ಟಿನಲ್ಲಿ ಅದರ ಅರ್ಧ, ಸುಮಾರು 3 ಆಂಪಿಯರ್. ಈಗ ದಾರಿಯಲ್ಲಿ ಎಲ್ಲೋ ಒಂದು ಕಿಲುಬು ಹಿಡಿದ ಜಾಯಿಂಟ್ ಇದೆ, ಅದರ ತಡೆ ಬರೀ 0.2 ಓಮ್ ಅಂದುಕೊಳ್ಳಿ. 6 ವೋಲ್ಟ್ ಗಾಡಿಯಲ್ಲಿ ಆ ಒಂದು ಜಾಯಿಂಟೇ ಸುಮಾರು 1 ವೋಲ್ಟ್ ನುಂಗಿಬಿಡುತ್ತದೆ. ಬಲ್ಬಿಗೆ ಉಳಿಯುವುದು 5. ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ಬೇಗ ಇಳಿಯುವುದರಿಂದ ಹತ್ತಿರ ಹತ್ತಿರ ಅರ್ಧ ಬೆಳಕು ಅಲ್ಲೇ ಹೋಯಿತು. ಅದೇ ಜಾಯಿಂಟ್ 12 ವೋಲ್ಟ್ ಗಾಡಿಯಲ್ಲಿದ್ದರೆ ಅರ್ಧ ವೋಲ್ಟ್ ಅಷ್ಟೇ ಹೋಗುತ್ತಿತ್ತು, ನಮಗೆ ಗೊತ್ತೇ ಆಗುತ್ತಿರಲಿಲ್ಲ. 6 ವೋಲ್ಟ್ ಗಾಡಿ ದುರ್ಬಲ ಅಂತ ಜನ ಹೇಳುವುದು ಇದಕ್ಕೇ. ಜಾಯಿಂಟ್ ಶುದ್ಧವಾಗಿದ್ದರೆ ಹಳ್ಳಿ ರಸ್ತೆಗೆ ಸಾಕಾಗುವಷ್ಟು ಬೆಳಕು ಅದು ಕೊಟ್ಟೇ ಕೊಡುತ್ತದೆ.

ನಮ್ಮ ಯೆಜ್ಡಿಗೆ ಹೊಸ ಬಣ್ಣ ಹೊಡೆಸಿ ಜೋಡಿಸಿದ ಮೇಲೆ ಹೀಗೇ ಆಯಿತು. ನೋಡೋಕೆ ಮದುಮಗನ ಹಾಗಿದೆ, ಹೆಡ್‌ಲೈಟ್ ಮಾತ್ರ ಹಣತೆ. ಬ್ಯಾಟರಿ ಬದಲಿಸಿದೆ. ಬಲ್ಬ್ ಬದಲಿಸಿದೆ. ಡೈನಮೊ ಮತ್ತು ಬ್ಯಾಟರಿ ನಡುವಿನ ಚಾರ್ಜಿಂಗ್ ಹಿಡಿತದ ಡಬ್ಬ, ಅಂದರೆ ಕಟ್‌ಔಟ್ ಬದಲಿಸಿದೆ. ಮೂರು ತಿಂಗಳು, ದುಡ್ಡಂತೂ ಲೆಕ್ಕ ಇಡಲಿಲ್ಲ. ಕೊನೆಗೆ ಮೈಸೂರಿನಲ್ಲಿ ವಯಸ್ಸಾದ ಒಬ್ಬ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಒಯ್ದೆ. ಅವರು ಸ್ಪಾನರನ್ನೂ ಮುಟ್ಟಲಿಲ್ಲ. ಹೆಡ್‌ಲೈಟ್ ಹಾಕಿಸಿದರು, ಅರ್ತ್ ಇರುವ ಬ್ಯಾಟರಿ ಟರ್ಮಿನಲ್ಲಿಂದ ಒಂದು ದಪ್ಪ ವೈರು ಎಳೆದು ಇನ್ನೊಂದು ತುದಿಯನ್ನು ಬಲ್ಬ್ ಹೋಲ್ಡರಿನ ಬುಡಕ್ಕೆ ಮುಟ್ಟಿಸಿದರು. ಎದುರಿನ ಗೋಡೆ ಬೆಳ್ಳಗಾಯಿತು. ವೈರು ತೆಗೆದರೆ ಮತ್ತೆ ಹಣತೆ.

"ಪಾರ್ಟೆಲ್ಲ ಸರಿ ಇದೆ ಕಣಪ್ಪ. ಬಣ್ಣದ ಮೇಲೆ ಅರ್ತ್ ಕೊಟ್ಟಿದ್ದೀರಿ" ಅಂದರು.

ಆಮೇಲೆ ಟ್ಯಾಂಕ್ ಕೆಳಗೆ ಫ್ರೇಮಿಗೆ ಅರ್ತ್ ವೈರು ಕೂರುವ ಬೋಲ್ಟ್ ಬಿಚ್ಚಿದರು. ವೈರಿನ ಉಂಗುರದ ಕೆಳಗೆ ಹೊಸ ಬಣ್ಣ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಹಳೆಯ ಬ್ಲೇಡಿನಿಂದ ಒಂದು ರೂಪಾಯಿ ನಾಣ್ಯದಷ್ಟು ಅಗಲ ಬಣ್ಣ ಕೆರೆದರು. ಮೊದಲು ಮರೂನ್, ಅದರ ಕೆಳಗೆ ಬೂದು ಪ್ರೈಮರ್, ಆಮೇಲೆ ಬೆಳ್ಳನೆಯ ಕಬ್ಬಿಣ. "ಬೆರಳಿಟ್ಟು ನೋಡಿ, ಈಗ ಇದು ಅರ್ತ್" ಅಂದರು. ಉಂಗುರವನ್ನೂ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿದರು. ಅಷ್ಟೇ ಕೆಲಸ.

ನೀವು ಮೀಟರಿನಲ್ಲೇ ಇದನ್ನು ಅಳೆಯಬಹುದು. ಹೆಡ್‌ಲೈಟ್ ಹಾಕಿ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ತ್ ಟರ್ಮಿನಲ್ ಮೇಲೆ, ಇನ್ನೊಂದು ಬಲ್ಬ್ ಹೋಲ್ಡರಿನ ಲೋಹದ ಮೇಲೆ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ತ್ ಸರಿಯಿಲ್ಲ. ಇದೇ ರೀತಿ ಬ್ಯಾಟರಿಯ ಮತ್ತೊಂದು ಟರ್ಮಿನಲ್ಲಿಂದ ಬಲ್ಬಿಗೆ ಕರೆಂಟ್ ಬರುವ ಬಿಂದುವಿನವರೆಗೆ ಅಳೆಯಿರಿ. ಅಲ್ಲಿ ವೋಲ್ಟ್ ಸೋರುತ್ತಿದ್ದರೆ ಕೀ ಸ್ವಿಚ್, ಡಿಮ್-ಡಿಪ್ ಸ್ವಿಚ್, ಹೆಡ್‌ಲೈಟ್ ಡೂಮಿನೊಳಗಿನ ಜಾಯಿಂಟ್ ಒಂದೊಂದಾಗಿ ದಾಟುತ್ತಾ ಹೋಗಿ. ಎಲ್ಲಿ ಒಮ್ಮೆಗೆ ಸಂಖ್ಯೆ ಏರುತ್ತದೋ ಅಲ್ಲೇ ತಪ್ಪಿದೆ.

ಅರ್ತ್ ಪ್ಲಸ್ಸಾ, ಮೈನಸ್ಸಾ?

ನಿಮ್ಮ ಗಾಡಿಯಲ್ಲಿ ಬ್ಯಾಟರಿಯ ಯಾವ ತುದಿ ಫ್ರೇಮಿಗೆ ಹೋಗಿದೆ ಅಂತ ಕಣ್ಣಾರೆ ನೋಡಿ, ಬಿಚ್ಚುವ ಮೊದಲೇ ಫೋಟೊ ತೆಗೆದಿಡಿ. ಹಳೆಯ ಗಾಡಿಗಳಲ್ಲಿ ಪ್ಲಸ್ ಅರ್ತ್ ಇರುವುದೂ ಉಂಟು. ಸುಮ್ನೆ "ಮೈನಸ್ಸೇ ಅರ್ತ್" ಅಂದುಕೊಂಡು ತಿರುಗಿಸಿ ಹಾಕಿದರೆ ಎಲೆಕ್ಟ್ರಾನಿಕ್ ಕಟ್‌ಔಟ್ ಇದ್ದರೆ ಆ ಕ್ಷಣವೇ ಸುಟ್ಟುಹೋಗುತ್ತದೆ.

ಬ್ಯಾಟರಿ ಪ್ರತಿ ತಿಂಗಳೂ ಇಳಿದುಹೋಗುತ್ತದೆ. ಬ್ಯಾಟರಿ ಕೆಟ್ಟಿದೆಯಾ, ಚಾರ್ಜ್ ಆಗುತ್ತಿಲ್ಲವಾ?

ಎರಡನ್ನೂ ಅಳೆದು ಬೇರೆ ಬೇರೆ ಮಾಡಬಹುದು. ರಾತ್ರಿ ಪೂರ್ತಿ ಸುಮ್ಮನೆ ಬಿಟ್ಟ 6 ವೋಲ್ಟ್ ಬ್ಯಾಟರಿ ಬೆಳಿಗ್ಗೆ 6.3 ರಿಂದ 6.4 ತೋರಿಸಿದರೆ ತುಂಬಿದೆ ಅಂತ. 6.0 ತೋರಿಸಿದರೆ ಹೆಚ್ಚುಕಡಿಮೆ ಖಾಲಿ. ಹೆಸರು 6 ವೋಲ್ಟ್ ಆದ್ದರಿಂದ 6 ಇದ್ದರೆ ಸರಿ ಅಂತ ತುಂಬಾ ಜನ ಮೋಸ ಹೋಗುತ್ತಾರೆ. 12 ವೋಲ್ಟಿನದ್ದು 12.6ರ ಮೇಲಿರಬೇಕು.

ಈಗ ಗಾಡಿ ಸ್ಟಾರ್ಟ್ ಮಾಡಿ. ಐಡ್ಲಿಂಗಿನಲ್ಲಿ ಡೈನಮೊ ಅಷ್ಟಾಗಿ ಕೊಡುವುದಿಲ್ಲ, ಅದಕ್ಕೆ ಗಾಬರಿ ಬೇಡ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ 6 ವೋಲ್ಟ್ ಗಾಡಿಯಲ್ಲಿ ಬ್ಯಾಟರಿ ಮೇಲೆ ಸುಮಾರು 7ರಿಂದ 7.2, 12 ವೋಲ್ಟ್ ಗಾಡಿಯಲ್ಲಿ 13.8ರಿಂದ 14.5 ಬರಬೇಕು. ಏರಲೇ ಇಲ್ಲ ಅಂದರೆ ಚಾರ್ಜ್ ಆಗುತ್ತಿಲ್ಲ. ಏರುತ್ತದೆ, ಆದರೂ ಎರಡು ದಿನದಲ್ಲಿ ಬ್ಯಾಟರಿ ಸಾಯುತ್ತದೆ ಅಂದರೆ ಒಂದೋ ಬ್ಯಾಟರಿ ಮುಗಿದಿದೆ, ಇಲ್ಲವೇ ನಿಂತಾಗ ಎಲ್ಲೋ ಸೋರುತ್ತಿದೆ. ಬ್ಯಾಟರಿಯ ಒಂದು ವೈರು ಬಿಚ್ಚಿ, ನಡುವೆ ಮೀಟರನ್ನು ಆಂಪಿಯರಿನಲ್ಲಿಟ್ಟು ನೋಡಿ. ಕೀ ಇಲ್ಲದಾಗ ಸೊನ್ನೆ ಇರಬೇಕು.

ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಆಸಿಡ್ ಹಾಕಬೇಡಿ. ಆವಿಯಾಗಿ ಹೋಗುವುದು ನೀರು, ಆಸಿಡ್ ಒಳಗೇ ಇರುತ್ತದೆ. ಹೊರಗೆ ಚಾರ್ಜ್ ಮಾಡಿಸುವಾಗ ಬ್ಯಾಟರಿಯ ಆಂಪಿಯರ್-ಅವರಿನ (ಅದು ಹಿಡಿದಿಡುವ ಕರೆಂಟಿನ ಲೆಕ್ಕ) ಹತ್ತನೇ ಒಂದು ಭಾಗ ಸಾಕು: 12 ಆಂಪಿಯರ್-ಅವರ್ ಇದ್ದರೆ 1.2 ಆಂಪಿಯರ್. ಕಾರಿನ ಚಾರ್ಜರಿಗೆ ಹಾಕಿ ಒಂದು ಗಂಟೆಯಲ್ಲಿ ಕೊಡುತ್ತೇವೆ ಅನ್ನುವವರಿಗೆ ಕೊಡಬೇಡಿ, ಒಳಗಿನ ಪ್ಲೇಟು ಬಾಗುತ್ತದೆ. ಚಾರ್ಜ್ ಆಗುವಾಗ ಬರುವ ಗ್ಯಾಸು ಹೈಡ್ರೋಜನ್. ಹತ್ತಿರ ಬೀಡಿ, ಸಿಗರೇಟು, ಕಿಡಿ ಏನೂ ಬೇಡ.

ಹೆಡ್‌ಲೈಟ್ ಮೇಲಿರುವ ಕೆಂಪು ದೀಪ ಏನು ಹೇಳುತ್ತದೆ?

ಕೀ ಹಾಕಿದಾಗ ಹೊತ್ತಬೇಕು, ಗಾಡಿ ಓಡುವಾಗ ಆರಬೇಕು. ಆ ಬಲ್ಬಿನ ಒಂದು ಕಡೆ ಬ್ಯಾಟರಿ, ಇನ್ನೊಂದು ಕಡೆ ಡೈನಮೊ. ಡೈನಮೊ ನಿಂತಿರುವಾಗ ಕರೆಂಟ್ ಬ್ಯಾಟರಿಯಿಂದ ಹರಿದು ದೀಪ ಹೊತ್ತುತ್ತದೆ. ಡೈನಮೊ ಬ್ಯಾಟರಿಗೆ ಸರಿಸಮ ಆದ ಕೂಡಲೇ ಹರಿಯೋಕೆ ವ್ಯತ್ಯಾಸ ಇರುವುದಿಲ್ಲ, ದೀಪ ಆರುತ್ತದೆ.

ಓಡುವಾಗಲೂ ಆರದಿದ್ದರೆ ಡೈನಮೊ ಅಥವಾ ಕಟ್‌ಔಟ್ ಕಡೆ ನೋಡಿ. ಕೀ ಹಾಕಿದಾಗ ಹೊತ್ತಲೇ ಇಲ್ಲ ಅಂದರೆ ಮೊದಲು ಆ ಸಣ್ಣ ಬಲ್ಬೇ ಹೋಗಿರಬಹುದು, ಅದನ್ನು ನೋಡದೆ ಮುಂದೆ ಹೋಗಬೇಡಿ. ಅರ್ಧ ಮಂಕಾಗಿ ಮಿಣುಕುತ್ತಿದ್ದರೆ ಹೆಚ್ಚಾಗಿ ಡೈನಮೊದಿಂದ ಕರೆಂಟ್ ಹೊರತರುವ ಕಾರ್ಬನ್ ಬ್ರಶ್ ಸವೆದಿದೆ, ಇಲ್ಲವೇ ಕಟ್‌ಔಟಿನ ಪಾಯಿಂಟ್ ಕೊಳೆಯಾಗಿದೆ.

ಡೈನಮೊ ನಾನೇ ನೋಡಬಹುದಾ?

ಧಾರಾಳವಾಗಿ. ಬಲಗಡೆ ಕವರ್ ತೆಗೆದರೆ ಎದುರಿಗೇ ಇದೆ. ತಿರುಗುವ ಭಾಗವಾದ ಆರ್ಮೇಚರ್ ನೇರ ಕ್ರ್ಯಾಂಕ್ ತುದಿಗೇ ಕೂತಿದೆ, ಸುತ್ತ ಅಯಸ್ಕಾಂತದ ಕೆಲಸ ಮಾಡುವ ಫೀಲ್ಡ್ ಕಾಯಿಲ್, ಹೊರಗಡೆ ಕಾರ್ಬನ್ ಬ್ರಶ್ಶು ಮತ್ತು ಕಿಡಿಗಾಗಿ ತೆರೆದು ಮುಚ್ಚುವ ಪಾಯಿಂಟು.

ಮೊದಲು ಬ್ರಶ್. ಹೋಲ್ಡರಿನಲ್ಲಿ ಬೆರಳಿಂದ ಒತ್ತಿ ಬಿಟ್ಟರೆ ಸಲೀಸಾಗಿ ಹಿಂದೆ ಮುಂದೆ ಹೋಗಬೇಕು. ಎಣ್ಣೆ-ಧೂಳು ಸೇರಿ ಗಂಟು ಕಟ್ಟಿಕೊಂಡು ಸಿಕ್ಕಿಹಾಕಿಕೊಂಡಿರುವುದು ತುಂಬಾ ಮಾಮೂಲಿ. ಪೆಟ್ರೋಲಿನಲ್ಲಿ ಒರೆಸಿ ಚೆನ್ನಾಗಿ ಒಣಗಲು ಬಿಡಿ. ಸವೆದು ಗಿಡ್ಡ ಆಗಿದ್ದರೆ ಎರಡನ್ನೂ ಒಟ್ಟಿಗೇ ಬದಲಿಸಿ, ಸ್ಪ್ರಿಂಗ್ ಸಹ ನೋಡಿ.

ಆಮೇಲೆ ಕಮ್ಯುಟೇಟರ್, ಅಂದರೆ ಬ್ರಶ್ ಉಜ್ಜುವ ತಾಮ್ರದ ಪಟ್ಟಿಗಳ ಸುತ್ತು. ಅದು ಕಂದು ಬಣ್ಣಕ್ಕೆ ನುಣುಪಾಗಿದ್ದರೆ ಮುಟ್ಟಬೇಡಿ, ಅದೇ ಒಳ್ಳೆಯ ಲಕ್ಷಣ. ಕಪ್ಪಾಗಿ ಸುಟ್ಟಿದ್ದರೆ ನುಣುಪು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ. ಎಮರಿ ಬಟ್ಟೆ ಬೇಡ, ಅದರ ಪುಡಿ ಪಟ್ಟಿಗಳ ಸಂದಿಯಲ್ಲಿ ಕೂತು ಶಾರ್ಟ್ ಮಾಡಬಹುದು. ಸಂದಿಗಳಲ್ಲಿ ತುಂಬಿದ ಕಾರ್ಬನ್ ಪುಡಿಯನ್ನು ಬಿದಿರಿನ ಕಡ್ಡಿಯಿಂದ ಕೆದಕಿ ತೆಗೆಯಿರಿ. ಒಂದೊಂದು ಸಂದಿಗೂ ಹೀಗೆ ಮಾಡಲು ಅರ್ಧ ಗಂಟೆ ಹಿಡಿಯುತ್ತದೆ. ಆ ಅರ್ಧ ಗಂಟೆ ಕೊಟ್ಟ ಮೇಲೆ ಸತ್ತಿದೆ ಅಂತ ಬಿಟ್ಟ ಡೈನಮೊಗಳು ಮತ್ತೆ ಚಾರ್ಜ್ ಮಾಡಿದ್ದನ್ನು ನೋಡಿದ್ದೇನೆ.

ಆರ್ಮೇಚರ್ ಹೊರತೆಗೆಯಬೇಕಾದರೆ ಅದಕ್ಕೆ ಸರಿಯಾದ ಪುಲ್ಲರ್ ಬೋಲ್ಟ್ ಬೇಕು. ಸುತ್ತಿಗೆ ಪೆಟ್ಟು ಕೊಟ್ಟರೆ ಕ್ರ್ಯಾಂಕ್ ಬಾಗುತ್ತದೆ, ಆಮೇಲೆ ಕರೆಂಟಿನ ಚಿಂತೆ ಬಿಟ್ಟು ಇಂಜಿನ್ನಿನ ಚಿಂತೆ ಶುರು. ಇಡೀ ಕೋಣೆಯೊಳಗೆ ಎಣ್ಣೆ ಒಸರಿದ್ದರೆ ಬಲಗಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ. ಅದನ್ನು ಬದಲಿಸದೆ ಬ್ರಶ್ಶು, ಪಾಯಿಂಟು ಎಷ್ಟು ಸಲ ಹಾಕಿದರೂ ಮತ್ತೆ ಅದೇ ಕತೆ.

ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಎಲ್ಲ ಸರಿಯಿದ್ದರೂ ಡೈನಮೊ ಕೊಡದಿರಬಹುದು. ಫೀಲ್ಡ್ ಕಬ್ಬಿಣದಲ್ಲಿ ಉಳಿದಿರಬೇಕಾದ ಅಷ್ಟಿಷ್ಟು ಅಯಸ್ಕಾಂತ ಶಕ್ತಿ ಹೋಗಿರುತ್ತದೆ. ಬ್ಯಾಟರಿಯಿಂದ ಒಂದು ಕ್ಷಣ ಫೀಲ್ಡಿಗೆ ಕರೆಂಟ್ ಕೊಟ್ಟು ಅದನ್ನು ಎಬ್ಬಿಸುತ್ತಾರೆ. ಪ್ಲಸ್ ಮೈನಸ್ ತಪ್ಪಿದರೆ ಡೈನಮೊ ಉಲ್ಟಾ ಕೊಡಲು ಶುರುಮಾಡುತ್ತದೆ, ಹಾಗಾಗಿ ಇದನ್ನು ಮೊದಲ ಸಲ ತಿಳಿದವರ ಮುಂದೆ ಮಾಡಿ.

ಕಟ್‌ಔಟ್ ಹಳೆಯದೇ ಇಟ್ಟುಕೊಳ್ಳಲಾ, ಎಲೆಕ್ಟ್ರಾನಿಕ್ ಹಾಕಿಸಲಾ?

ಹಳೆಯ ಕಟ್‌ಔಟ್ ಎರಡು ಕೆಲಸ ಮಾಡುತ್ತದೆ. ಡೈನಮೊ ವೋಲ್ಟೇಜ್ ಮಿತಿಮೀರದ ಹಾಗೆ ಹಿಡಿಯುತ್ತದೆ, ಡೈನಮೊ ನಿಂತಾಗ ಬ್ಯಾಟರಿಯ ಕರೆಂಟ್ ವಾಪಸ್ ಹರಿಯದ ಹಾಗೆ ಕತ್ತರಿಸುತ್ತದೆ. ಎರಡನ್ನೂ ಸಣ್ಣ ಪಾಯಿಂಟುಗಳೇ ಮಾಡುವುದು. ಪಾಯಿಂಟ್ ಅಂಟಿಕೊಂಡರೆ ಗಾಡಿ ನಿಲ್ಲಿಸಿದ ಮೇಲೂ ಬ್ಯಾಟರಿ ಡೈನಮೊ ಒಳಗೆ ಖಾಲಿಯಾಗುತ್ತಾ ಹೋಗುತ್ತದೆ. ವೈರು ಬಿಸಿಯಾಗುತ್ತದೆ, ವಾಸನೆ ಬರುತ್ತದೆ. ಹಾಗಾದರೆ ಆ ಕ್ಷಣ ಬ್ಯಾಟರಿ ವೈರು ಕಿತ್ತುಬಿಡಿ.

ನನ್ನ ಅಭಿಪ್ರಾಯ ಕೇಳಿದರೆ ದಿನಾ ಓಡಿಸುವ ಗಾಡಿಗೆ ಎಲೆಕ್ಟ್ರಾನಿಕ್ ಹಾಕಿಸಿ. ವೋಲ್ಟೇಜ್ ಸ್ಥಿರವಾಗಿರುತ್ತದೆ, ಪಾಯಿಂಟ್ ಉಜ್ಜುವ ಗೋಳಿಲ್ಲ. ಹಳೆಯ ಕಪ್ಪು ಡಬ್ಬ ಕಣ್ಣಿಗೆ ಬೇಕು ಅನ್ನುವವರು ಅದರೊಳಗೇ ಹೊಸದನ್ನು ಕೂರಿಸುತ್ತಾರೆ, ಅದೂ ಚೆನ್ನಾಗಿದೆ. ಕೊಳ್ಳುವಾಗ ವೋಲ್ಟ್ ಎಷ್ಟು, ಅರ್ತ್ ಯಾವುದು ಅಂತ ಹೇಳಿಯೇ ಕೊಳ್ಳಿ.

ಕಿಕ್ ಹೊಡೆದು ಕಾಲು ನೋವು ಬಂತು. ಸ್ಪಾರ್ಕ್ ಇದೆಯೋ ಇಲ್ಲವೋ ಹೇಗೆ ನೋಡುವುದು?

ಪ್ಲಗ್ ಬಿಚ್ಚಿ ಕ್ಯಾಪಿಗೆ ಹಾಕಿ, ಅದರ ಲೋಹದ ಮೈ ಹೆಡ್ಡಿಗೆ ತಾಗುವಂತೆ ಇಟ್ಟು ಕಿಕ್ ಹೊಡೆಯಿರಿ. ಪೆಟ್ರೋಲ್ ಕಾಕ್ ಬಂದ್ ಇರಲಿ, ಪ್ಲಗ್ ರಂಧ್ರದಿಂದ ದೂರ ಇರಲಿ. ನೀಲಿ, ದಪ್ಪ, ಚಟ್ ಅನ್ನುವ ಕಿಡಿ ಬೇಕು. ಹಳದಿ ಎಳೆ ಬಂದರೆ ಸಾಲದು.

ಎರಡು ಸ್ಟ್ರೋಕ್ ಗಾಡಿ ಆದ್ದರಿಂದ ಮೊದಲ ಅನುಮಾನ ಪ್ಲಗ್ ಮೇಲೇ. ಎಣ್ಣೆ ಜಾಸ್ತಿ ಆದರೆ ಕಾರ್ಬನ್ ಎಳೆ ಎರಡು ತುದಿಯ ನಡುವೆ ಸೇತುವೆ ಕಟ್ಟುತ್ತದೆ, ಕೂದಲಿನಷ್ಟು ಸಣ್ಣ. ಜೇಬಿನಲ್ಲಿ ಯಾವಾಗಲೂ ಒಂದು ಒಳ್ಳೆಯ ಪ್ಲಗ್ ಇಟ್ಟುಕೊಳ್ಳಿ.

ಹೊಸ ಪ್ಲಗ್ಗಿಗೂ ಕಿಡಿ ಇಲ್ಲವಾದರೆ ಪಾಯಿಂಟ್ ನೋಡಿ. ಪೂರ್ತಿ ತೆರೆದಾಗ ಗ್ಯಾಪ್ 0.4 ಮಿಲಿಮೀಟರ್ ಇರಬೇಕು. ಮೂರ್ನಾಲ್ಕು ವರ್ಷ ನಿಂತ ಗಾಡಿಯಲ್ಲಿ ಪಾಯಿಂಟ್ ಮುಖದ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿರುತ್ತದೆ. ಸಣ್ಣ ಅರ ಎರಡು ಸಲ ಎಳೆದು, ಪೆಟ್ರೋಲ್ ಅದ್ದಿದ ಬಿಳಿ ಕಾಗದ ನಡುವೆ ಇಟ್ಟು ಎಳೆಯಿರಿ, ಕಾಗದ ಬಿಳಿಯಾಗಿ ಬರುವವರೆಗೆ. ಗ್ಯಾಪ್ ಬದಲಾದರೆ ಟೈಮಿಂಗೂ (ಕಿಡಿ ಹಾರುವ ಹೊತ್ತು) ಬದಲಾಗುತ್ತದೆ ಅನ್ನುವುದು ನೆನಪಿರಲಿ. ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ.

ಪಾಯಿಂಟ್ ಸರಿಯಿದ್ದು ಅಲ್ಲಿಗೆ ಕರೆಂಟೇ ಬರುತ್ತಿಲ್ಲವಾದರೆ ಟೆಸ್ಟ್ ಲ್ಯಾಂಪ್ ಹಿಡಿದು ಹಿಂದಕ್ಕೆ ಹೋಗಿ: ಕಾಯಿಲಿನ ಒಳಬರುವ ತುದಿ, ಕೀ ಸ್ವಿಚ್, ಫ್ಯೂಸ್.

ಹತ್ತು ಕಿಲೋಮೀಟರ್ ಚೆನ್ನಾಗಿ ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್. ಏನಿದು?

ಕಾಯಿಲ್ ಅಥವಾ ಕಂಡೆನ್ಸರ್ (ಪಾಯಿಂಟ್ ತೆರೆಯುವಾಗ ಅಲ್ಲಿ ಕಿಡಿ ಹಾರದ ಹಾಗೆ ತಡೆಯುವ ಸಣ್ಣ ಡಬ್ಬಿ). ಬಿಸಿಯಾದಾಗ ಒಳಗಿನ ಇನ್ಸುಲೇಶನ್ ಸೋಲುತ್ತದೆ, ತಣ್ಣಗಾದಾಗ ಸುಧಾರಿಸಿಕೊಳ್ಳುತ್ತದೆ. ಮನೆಯಲ್ಲಿ ಅಳೆದರೆ ಎಲ್ಲ ಸರಿಯಾಗೇ ಕಾಣುತ್ತದೆ, ಅದೇ ಕಷ್ಟ. ಗಾಡಿ ನಿಂತ ಜಾಗದಲ್ಲೇ, ಬಿಸಿ ಇರುವಾಗಲೇ, ಸ್ಪಾರ್ಕ್ ನೋಡಿ. ಇಲ್ಲವಾದರೆ ಕಾಯಿಲ್ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯಿರಿ. ಕಿಡಿ ವಾಪಸ್ ಬಂದರೆ ಕಾಯಿಲ್ ಬದಲಿಸಿ. ಸ್ಪಾರ್ಕ್ ಚೆನ್ನಾಗೇ ಇದ್ದು ಗಾಡಿ ಹಿಡಿಯದಿದ್ದರೆ ಟ್ಯಾಂಕ್ ಮುಚ್ಚಳದ ಗಾಳಿ ರಂಧ್ರ ನೋಡಿ. ಅದು ಮುಚ್ಚಿಕೊಂಡಿದ್ದರೂ ಲಕ್ಷಣ ಇದೇ, ಸುಮ್ನೆ ಕಾಯಿಲಿಗೆ ದುಡ್ಡು ಹಾಕುತ್ತೀರಿ.

ಕಾಯಿಲ್ ಸಾಯುವ ಇನ್ನೊಂದು ದಾರಿ ನಾವೇ ಮಾಡುವುದು. ಗಾಡಿ ನಿಲ್ಲಿಸಿ ಕೀ ಹಾಗೇ ಬಿಟ್ಟರೆ, ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ನಿಂತಿದ್ದರೆ, ಕಾಯಿಲಿನಲ್ಲಿ 3-4 ಆಂಪಿಯರ್ ಸತತವಾಗಿ ಹರಿಯುತ್ತಿರುತ್ತದೆ. ಕೈಯಲ್ಲಿ ಮುಟ್ಟಲಾರದಷ್ಟು ಬಿಸಿಯಾಗುತ್ತದೆ. ಪರೀಕ್ಷೆ ಮಾಡುವಾಗಲೂ ಕೆಲಸ ಮುಗಿದ ಕೂಡಲೇ ಕೀ ತೆಗೆಯಿರಿ.

ಕಂಡೆನ್ಸರ್ ಹೋಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಕತ್ತಲಲ್ಲಿ ಪಾಯಿಂಟ್ ನೋಡುತ್ತಾ ಗಾಡಿ ಓಡಿಸಿ. ಸಣ್ಣ ಕಿಡಿ ಮಾಮೂಲಿ. ದೀಪಾವಳಿ ಹಾಗೆ ನೀಲಿ ಕಿಡಿ ಸಿಡಿಯುತ್ತಿದ್ದರೆ ಕಂಡೆನ್ಸರ್ ಮುಗಿದಿದೆ. ಹೊಸ ಪಾಯಿಂಟ್ ಹಾಕಿದ ಎರಡೇ ವಾರದಲ್ಲಿ ಒಂದು ಮುಖದಲ್ಲಿ ಗುಂಡಿ, ಇನ್ನೊಂದರಲ್ಲಿ ಗುಡ್ಡ ಆಗಿದ್ದರೂ ಅದೇ. ಮೀಟರಿನಲ್ಲಿ ಕೆಪ್ಯಾಸಿಟನ್ಸ್ ಅಳೆಯುವ ಸೌಲಭ್ಯ ಇದ್ದರೆ ಸುಮಾರು 0.2 ಮೈಕ್ರೋಫ್ಯಾರಡ್ ಬರಬೇಕು. ಅಳತೆ ಸರಿ ಬಂದರೂ ಬಿಸಿಯಲ್ಲಿ ಕೈಕೊಡುವವು ಇವೆ, ಆದ್ದರಿಂದ ಅನುಮಾನ ಬಂದರೆ ಬದಲಿಸಿಬಿಡಿ, ದುಬಾರಿ ಅಲ್ಲ.

ಮಳೆ ಬಂದರೆ ಮಿಸ್ ಹೊಡೆಯುತ್ತದೆ.

ಪ್ಲಗ್ ಕ್ಯಾಪ್ ಬಿರುಕು ಬಿಟ್ಟಿದೆ, ಇಲ್ಲವೇ ಕಾಯಿಲಿನಿಂದ ಬರುವ ದಪ್ಪ ವೈರಿನ ರಬ್ಬರ್ ಒಡೆದಿದೆ. ರಾತ್ರಿ ದೀಪ ಆರಿಸಿ, ಇಂಜಿನ್ ಓಡುವಾಗ ವೈರಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ. ಎಲ್ಲಿ ಸೋರುತ್ತದೋ ಅಲ್ಲಿ ನೀಲಿ ಹುಳದ ಹಾಗೆ ಹರಿದಾಡುತ್ತದೆ. ಕೈಯಲ್ಲಿ ಮಾತ್ರ ಮುಟ್ಟಬೇಡಿ. ಮಲೆನಾಡಿನ ಮಳೆಯಲ್ಲಿ ಓಡಿಸುವವರು ಜೂನ್‌ಗೆ ಮೊದಲೇ ಎರಡನ್ನೂ ಹೊಸದು ಹಾಕಿಬಿಡುವುದು ಲೇಸು.

ಫ್ಯೂಸ್ ಪದೇ ಪದೇ ಹೋಗುತ್ತದೆ. ದಪ್ಪ ತಂತಿ ಹಾಕಬಹುದಾ?

ದಯವಿಟ್ಟು ಬೇಡ. ಸಿಗರೇಟಿನ ಬೆಳ್ಳಿ ಕಾಗದವೂ ಬೇಡ. ಫ್ಯೂಸ್ ಹೋಗುವ ಬದಲು ವೈರಿಂಗ್ ಹೊತ್ತುತ್ತದೆ, ಅದರ ಮೇಲೇ ಪೆಟ್ರೋಲ್ ಟ್ಯಾಂಕ್ ಇದೆ.

ಫ್ಯೂಸಿನ ಜಾಗದಲ್ಲಿ ನಿಮ್ಮ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ. ಶಾರ್ಟ್ ಇರುವಾಗ ಅದು ಪೂರ್ತಿ ಹೊತ್ತುತ್ತದೆ, ಏನೂ ಸುಡುವುದಿಲ್ಲ. ಈಗ ನಿಧಾನಕ್ಕೆ ಹ್ಯಾಂಡಲ್ ಎಡಕ್ಕೆ ಬಲಕ್ಕೆ ತಿರುಗಿಸಿ, ವೈರುಗಳನ್ನು ಒಂದೊಂದಾಗಿ ಅಲ್ಲಾಡಿಸಿ. ಎಲ್ಲಿ ಮುಟ್ಟಿದಾಗ ದೀಪ ಮಂಕಾಗುತ್ತದೋ ಅಲ್ಲಿ ವೈರು ಕೆರೆದಿದೆ. ಹೆಚ್ಚಾಗಿ ಸಿಗುವುದು ಮೂರು ಕಡೆ: ಹ್ಯಾಂಡಲ್ ತಿರುಗುವ ಕುತ್ತಿಗೆ, ಟ್ಯಾಂಕ್ ಕೆಳಗಿನ ಅಂಚು, ಹಿಂದಿನ ಮಡ್‌ಗಾರ್ಡ್ ಒಳಗೆ ಟೈರ್ ಉಜ್ಜುವ ಜಾಗ.

ಹಾರ್ನ್ ಗೊರಗೊರ ಅನ್ನುತ್ತದೆ.

ಬ್ಯಾಟರಿಯಿಂದ ನೇರ ಎರಡು ವೈರು ಕೊಟ್ಟು ನೋಡಿ. ಚೆನ್ನಾಗಿ ಕೂಗಿದರೆ ತಪ್ಪು ಬಟನ್ ಅಥವಾ ಅರ್ತ್‌ನದು. ಕೂಗದಿದ್ದರೆ ಹಿಂದಿನ ಸ್ಕ್ರೂ ಕಾಲು ಸುತ್ತು ಆ ಕಡೆ ಈ ಕಡೆ ತಿರುಗಿಸಿ.

ಎಲ್‌ಇಡಿ ಬಲ್ಬ್ ಹಾಕಬಹುದಾ?

ಹಿಂದಿನ ದೀಪಕ್ಕೆ, ಬ್ರೇಕ್ ಲೈಟಿಗೆ ಹಾಕಬಹುದು, ಬ್ಯಾಟರಿಗೆ ಹೊರೆ ಇಳಿಯುತ್ತದೆ. 6 ವೋಲ್ಟಿನದ್ದೇ ಅಂತ ನೋಡಿ ತನ್ನಿ. ಪ್ಲಸ್ ಅರ್ತ್ ಗಾಡಿಯಲ್ಲಿ ಮಾಮೂಲಿ ಎಲ್‌ಇಡಿ ಹೊತ್ತುವುದಿಲ್ಲ, ಎರಡೂ ಕಡೆ ನಡೆಯುವಂಥದ್ದು ಬೇಕು. ಹೆಡ್‌ಲೈಟಿಗೆ ನಾನು ಹೇಳುವುದಿಲ್ಲ. ಹಳೆಯ ರಿಫ್ಲೆಕ್ಟರ್ ತಂತಿ ಬಲ್ಬಿನ ಬಿಂದುವಿಗೆ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿ ಹಾಕಿದರೆ ಬೆಳಕು ಎಲ್ಲೆಲ್ಲೋ ಚೆಲ್ಲಿ ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ.

ಇಡೀ ವೈರಿಂಗ್ ಬದಲಿಸಬೇಕಾ?

ವೈರನ್ನು ಬೆರಳಿಗೆ ಸುತ್ತಿ ನೋಡಿ. ಮೇಲಿನ ಪದರ ಚಕ್ಕುಲಿ ಹಾಗೆ ಮುರಿದರೆ ಬದಲಿಸಿ, ಮೆತ್ತಗಿದ್ದರೆ ತುದಿಗಳನ್ನು ಮಾತ್ರ ಹೊಸದು ಮಾಡಿ. ತುದಿಯಲ್ಲಿ ಒಂದು ಇಂಚು ಸುಲಿದಾಗ ತಾಮ್ರ ಕಪ್ಪಾಗಿದ್ದರೆ ಇನ್ನೂ ಸ್ವಲ್ಪ ಕತ್ತರಿಸಿ, ಕೆಂಪು ತಾಮ್ರ ಸಿಗುವವರೆಗೆ.

ಬದಲಿಸುವುದಾದರೆ 6 ವೋಲ್ಟ್ ಗಾಡಿಗೆ ವೈರು ದಪ್ಪವೇ ಇರಲಿ. ಬ್ಯಾಟರಿ ಮತ್ತು ಡೈನಮೊ ಲೈನಿಗೆ 2.5 ಚದರ ಮಿಲಿಮೀಟರ್, ಹೆಡ್‌ಲೈಟ್ ಮತ್ತು ಹಾರ್ನಿಗೆ 1.5, ಸಣ್ಣ ದೀಪಗಳಿಗೆ 1 ನಾನು ಹಾಕುವುದು. ಮನೆ ವೈರಿಂಗಿನ ಒಂದೇ ಕಡ್ಡಿಯ ವೈರು ಬೇಡ, ಅದು ನಡುಕಕ್ಕೆ ಮುರಿಯುತ್ತದೆ. ಹೆಡ್‌ಲೈಟ್ ಡೂಮಿಗೆ ಪ್ರತ್ಯೇಕ ಒಂದು ಅರ್ತ್ ವೈರನ್ನು ಬ್ಯಾಟರಿಯಿಂದಲೇ ಎಳೆದುಬಿಡಿ. ಕಾರ್ಖಾನೆಯವರು ಕುತ್ತಿಗೆಯ ಬೇರಿಂಗ್ ಮೂಲಕ ಅರ್ತ್ ಸಿಗುತ್ತದೆ ಅಂತ ಬಿಟ್ಟ ಕಡೆ ಗ್ರೀಸು, ತುಕ್ಕು, ಬಣ್ಣ ಎಲ್ಲ ಅಡ್ಡ ನಿಂತಿರುತ್ತವೆ.

6 ವೋಲ್ಟನ್ನು 12ಕ್ಕೆ ಬದಲಿಸಿದರೆ ಹೇಗೆ?

ಬ್ಯಾಟರಿ ಒಂದನ್ನು ಬದಲಿಸಿದರೆ ಆಗಲಿಲ್ಲ. ಬಲ್ಬುಗಳು, ಹಾರ್ನ್, ಕಾಯಿಲ್, ಕಟ್‌ಔಟ್ ಎಲ್ಲವೂ 12 ಆಗಬೇಕು. ಚೆಕ್ ಕಂಪನಿ ವೇಪ್ ಮಾಡುವ ಕಿಟ್ ಇದೆ: ಡೈನಮೊ ತೆಗೆದು ತಿರುಗುವ ಅಯಸ್ಕಾಂತದ ರೋಟರ್, ಸುತ್ತ ನಿಂತಿರುವ ಹೊಸ ಸ್ಟೇಟರ್, ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕುವುದು. ಪಾಯಿಂಟು, ಬ್ರಶ್ಶು ಎರಡೂ ಇಲ್ಲ. ಬೆಲೆ ಜಾಸ್ತಿ. ದೂರ ದೂರ ರಾತ್ರಿ ಓಡಿಸುವವರಿಗೆ ತಕ್ಕದ್ದು. ಹಳೆಯ ಡೈನಮೊವನ್ನು ಮಾತ್ರ ಗುಜರಿಗೆ ಹಾಕಬೇಡಿ, ಬಟ್ಟೆ ಸುತ್ತಿ ಎತ್ತಿಡಿ. ಮುಂದೆ ಯಾರಾದರೂ ಗಾಡಿಯನ್ನು ಮೂಲ ರೂಪಕ್ಕೆ ತರಬೇಕು ಅಂದಾಗ ಅದು ಎಲ್ಲೂ ಸಿಗುವುದಿಲ್ಲ.

ಪಾರ್ಟ್ ಎಲ್ಲಿ ಸಿಗುತ್ತದೆ?

ಬೆಂಗಳೂರಿನ ಜೆಸಿ ರಸ್ತೆ ಸುತ್ತಮುತ್ತ, ಮೈಸೂರಿನ ಹಳೆಯ ಸ್ಪೇರ್ ಅಂಗಡಿಗಳಲ್ಲಿ ವಿಚಾರಿಸಿ. ಪ್ರತಿ ವರ್ಷ ಜುಲೈನ ಎರಡನೇ ಭಾನುವಾರ ಜಾವಾ ದಿನಕ್ಕೆ ಗಾಡಿಗಳು ಸೇರುತ್ತವೆ, ಅಲ್ಲಿ ಪರಿಚಯ ಮಾಡಿಕೊಂಡರೆ ಅಂಗಡಿಗಿಂತ ಒಳ್ಳೆಯ ದಾರಿ ಸಿಗುತ್ತದೆ. ಹಳೆಯ ಪಾರ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಹೊಸ ಪಾಯಿಂಟ್ ಕೊಳ್ಳುವಾಗ ಎರಡು ಮುಖ ನೇರ ಕೂರುತ್ತವಾ ಅಂತ ಬೆಳಕಿಗೆ ಹಿಡಿದು ನೋಡಿ. ಹಳೆಯ ಅಸಲಿ ಪಾಯಿಂಟ್ ಉಜ್ಜಿ ಬಳಸುವಷ್ಟು ಇದ್ದರೆ ನಾನು ಅದನ್ನೇ ಹಾಕುತ್ತೇನೆ.

ದಾರಿಯಲ್ಲಿ ಬ್ಯಾಟರಿ ಪೂರ್ತಿ ಸತ್ತಿತು. ಮನೆಗೆ ಹೇಗೆ ಬರಲಿ?

ಹಲವು ಹಳೆಯ ಜಾವಾಗಳ ಕೀ ಸ್ವಿಚ್ಚಿನಲ್ಲಿ ಇದಕ್ಕೆಂದೇ ಒಂದು ಜಾಗ ಇದೆ. ಅಲ್ಲಿಗೆ ತಿರುಗಿಸಿದರೆ ಡೈನಮೊ ಕರೆಂಟ್ ನೇರ ಕಾಯಿಲಿಗೆ ಹೋಗುತ್ತದೆ. ಕಿಕ್ಕರ್ ಸಾಲದು, ತಳ್ಳಬೇಕು. ದೀಪ ಎಲ್ಲ ಆರಿಸಿ. ಎರಡನೇ ಗೇರಿಗೆ ಹಾಕಿ, ಕ್ಲಚ್ ಹಿಡಿದು, ಯಾರಾದರೂ ತಳ್ಳಿದರೆ ಒಳ್ಳೆಯದು, ಇಲ್ಲವೇ ಇಳಿಜಾರು ಹುಡುಕಿ. ವೇಗ ಬಂದ ಮೇಲೆ ಒಮ್ಮೆಗೆ ಕ್ಲಚ್ ಬಿಡಿ. ಹಿಡಿದ ಮೇಲೆ ಕೀಯನ್ನು ಮಾಮೂಲಿ ಜಾಗಕ್ಕೆ ತಿರುಗಿಸಿ, ಮನೆ ತಲುಪುವವರೆಗೆ ಐಡ್ಲಿಂಗಿಗೆ ಬಿಡಬೇಡಿ. ಕತ್ತಲಾಗಿದ್ದರೆ ಹೊರಡಬೇಡಿ. ದೀಪ ಹಾಕಿದ ಕೂಡಲೇ ಕಾಯಿಲಿಗೆ ಕರೆಂಟ್ ಸಾಲದೆ ಗಾಡಿ ನಿಲ್ಲುತ್ತದೆ, ದೀಪ ಇಲ್ಲದೆ ಹೆದ್ದಾರಿಗೆ ಇಳಿಯುವುದು ಪ್ರಾಣಕ್ಕೆ ಅಪಾಯ. ಹತ್ತಿರದ ಮನೆಯಲ್ಲಿ ಕೇಳಿ ಗಾಡಿ ನಿಲ್ಲಿಸಿ, ಬೆಳಿಗ್ಗೆ ಮೀಟರ್ ತೆಗೆದುಕೊಂಡು ಹೋಗಿ.